ಬಲಗಡೆಯ ಜಾಗ

ಇಲಾರಿಯೊ ವಾನಕೂನಿ ನಡೆಯುವಾಗ ತನ್ನ ಬಲಗಡೆ ಒಬ್ಬ ಮನುಷ್ಯನಷ್ಟು ಜಾಗ ಬಿಟ್ಟು ನಡೆಯುತ್ತಾನೆ. ಬೀದಿ ಅಗಲವಾಗಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಲಿಮಾ ನಗರದ ದಕ್ಷಿಣಕ್ಕೆ, ಮರಳುಗುಡ್ಡದ ಮೈಗೆ ಅಂಟಿಕೊಂಡಿರುವ ನಮ್ಮ ಬಡಾವಣೆಯಲ್ಲಿ ಬೀದಿಗಳೆಂದರೆ ಎರಡು ಗೋಡೆಗಳ ನಡುವಿನ ಸಂದಿಗಳು. ಅಲ್ಲಿಯೂ ಅವನು ಎಡಗೋಡೆಗೆ ಭುಜ ಉಜ್ಜಿಕೊಂಡು, ಕೋಟಿನ ಎಡತೋಳಿಗೆಲ್ಲ ಸುಣ್ಣ ಮೆತ್ತಿಕೊಂಡು, ಬಲಗಡೆಯನ್ನು ಖಾಲಿ ಬಿಟ್ಟೇ ಗುಡ್ಡ ಹತ್ತುತ್ತಾನೆ. ಎದುರಿನಿಂದ ನೀರಿನ ಬಕೆಟ್ ಹಿಡಿದು ಇಳಿಯುವ ಹೆಂಗಸರು ಆ ಖಾಲಿಯಲ್ಲಿ ತೂರಿಕೊಂಡು ಹೋಗುತ್ತಾರೆ, ತಮಗೇ ದಾರಿ ಬಿಟ್ಟನೆಂದುಕೊಂಡು "ದೇವರು ಒಳ್ಳೇದು ಮಾಡ್ಲಿ ತಾತಾ" ಅನ್ನುತ್ತಾರೆ. ಅವನು ತಲೆಯಾಡಿಸುತ್ತಾನೆ. ಜಾಗ ಅವರಿಗಾಗಿ ಬಿಟ್ಟದ್ದಲ್ಲವೆಂದು ಅವನು ಯಾರಿಗೂ ಹೇಳಿಲ್ಲ.

ಮಾತಿನಲ್ಲಿಯೂ ಅವನ ರೀತಿ ಇದೇ. ಯಾವ ವಾಕ್ಯವನ್ನೂ ಪೂರ್ತಿ ಮಾಡುವುದಿಲ್ಲ. "ಇವತ್ತು ಮಂಜು ಜಾಸ್ತಿ, ಸಂಜೆ ಹೊತ್ತಿಗೆ…" ಎಂದು ನಿಲ್ಲಿಸಿ, ಗದ್ದವನ್ನು ಸ್ವಲ್ಪ ಮೇಲೆತ್ತಿ, ಎದುರಿನವರ ಬಾಯಿಯನ್ನೇ ನೋಡುತ್ತಾನೆ. "ಸಂಜೆ ಹೊತ್ತಿಗೆ ಹನಿಯತ್ತೆ" ಎಂದು ನಾವು ಹೇಳಬೇಕು. ಹೇಳಿದ ಮೇಲೆ, ತಾನೇ ಹೇಳಿ ಮುಗಿಸಿದಷ್ಟು ಸಮಾಧಾನದಿಂದ, ಮುಂದಿನ ಅರ್ಧವನ್ನು ಎತ್ತಿಕೊಳ್ಳುತ್ತಾನೆ. ಅಂಗಡಿಯ ಒಡತಿ ಗ್ರೆಗೋರಿಯಾ ಇದನ್ನು ಆಡಿಕೊಳ್ಳುತ್ತಾಳೆ: "ಇಲಾರಿಯೊ ತಾತ ಮಾತಾಡಿದ್ರೆ ಅರ್ಧ ಕಿಲೋನೇ. ಉಳಿದದ್ದನ್ನ ನಾವು ನಮ್ಮ ಕೈಯಿಂದ ಹಾಕಿ ತೂಗ್ಬೇಕು."

ಇನ್ನು ಅವನ ಕೋಟು. ಕಂದು ಬಣ್ಣದ್ದು, ಕಾಲರು ಸವೆದು ನೂಲು ನೂಲಾಗಿದೆ. ಲಿಮಾದ ಚಳಿಗಾಲದಲ್ಲಿ ಆಕಾಶ ಕತ್ತೆಯ ಹೊಟ್ಟೆಯ ಬಣ್ಣಕ್ಕೆ ತಿರುಗಿ ಆರು ತಿಂಗಳು ಹಾಗೇ ನಿಂತುಬಿಡುತ್ತದೆ, ಸೂರ್ಯನೆಂಬುವನು ಇದ್ದಾನೆಂಬುದೇ ಮರೆತುಹೋಗುತ್ತದೆ. ಆಗ ಎಲ್ಲರೂ ಕೋಟು ಹಾಕುತ್ತಾರೆ. ಇಲಾರಿಯೊ ಬೇಸಿಗೆಯಲ್ಲಿಯೂ ಹಾಕುತ್ತಾನೆ. ಕಾರಣ ಅದರ ಒಳಜೇಬು. ಅವನ ಹೆಂಡತಿ ಬದುಕಿದ್ದಾಗ ಎದೆಯಿಂದ ತೊಡೆಯವರೆಗೆ ಇಳಿಯುವ ಒಂದು ಉದ್ದನೆಯ ಜೇಬನ್ನು ಹೊಲಿದುಕೊಟ್ಟಿದ್ದಳು. ಅದರಲ್ಲಿ ಪಟ್ಟೆಪಟ್ಟೆ ಬಟ್ಟೆಯಲ್ಲಿ ಸುತ್ತಿದ ಎರಡು ಸೀಕುಗಳಿರುತ್ತವೆ. ಒಂದನ್ನು ಅವನು ಊದುತ್ತಿದ್ದ. ಇನ್ನೊಂದನ್ನು ಅವನು ಊದಿದ್ದನ್ನು ಕಂಡವರಿಲ್ಲ.

ಸೀಕು ಎಂದರೆ ಓಟೆಬಿದಿರಿನ ಕೊಳವೆಗಳನ್ನು ಉದ್ದಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿ ಕಟ್ಟಿದ ವಾದ್ಯ. ಎತ್ತರದ ಬಯಲಿನಲ್ಲಿ, ದೊಡ್ಡ ಸರೋವರದ ದಂಡೆಯಲ್ಲಿ, ಇಲಾರಿಯೊನ ಐಮಾರಾ ಜನ ಅದನ್ನು ಎಂದೂ ಇಡಿಯಾಗಿ ಕಟ್ಟುವುದಿಲ್ಲ. ಸ್ವರಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಭಾಗ ಮಾಡುತ್ತಾರೆ. ಮೊದಲು ಹೊರಡುವ ಅರ್ಧ ಈರಾ, ಹಿಂದೆ ಬರುವ ಅರ್ಧ ಅರ್ಕಾ. ಒಬ್ಬನ ಕೈಯಲ್ಲಿ ಒಂದೇ ಅರ್ಧ. ಎಷ್ಟು ದೊಡ್ಡ ವಿದ್ವಾಂಸನಾದರೂ ಒಬ್ಬನೇ ನಿಂತು ಒಂದು ಹಾಡಿನ ಒಂದು ಸಾಲನ್ನೂ ಊದಲಾರ. ಇವನು ಊದುವಾಗ ಅವನು ಉಸಿರು ತೆಗೆದುಕೊಳ್ಳಬೇಕು, ಅವನು ಊದುವಾಗ ಇವನು. ಪೇಟೆಯ ಹೋಟೆಲುಗಳಲ್ಲಿ ಪ್ರವಾಸಿಗಳ ಮುಂದೆ ಊದುವವರು ಎರಡು ಅರ್ಧಗಳನ್ನೂ ಒಟ್ಟಿಗೆ ಬಿಗಿದು ಒಬ್ಬರೇ ಊದಿ ಚಪ್ಪಾಳೆ ಗಿಟ್ಟಿಸುವುದುಂಟು. ಇಲಾರಿಯೊ ಅಂಥದ್ದನ್ನು ಕಂಡರೆ, ಒಬ್ಬನೇ ಕೂತು ಎರಡೂ ಕಡೆಯ ದಾಳ ಉರುಳಿಸುವವನನ್ನು ಕಂಡಂತೆ, ಮುಖ ತಿರುಗಿಸಿಕೊಳ್ಳುತ್ತಾನೆ.

ಅವನು ಉಮಾಪಾಟಾ ಎಂಬ ಹಳ್ಳಿಯಿಂದ ಲಿಮಾಕ್ಕೆ ಇಳಿದಾಗ ವಯಸ್ಸು ಇಪ್ಪತ್ತೆರಡು. ತಾನೇ ಕಟ್ಟಿದ್ದ ಈರಾ ಮಾತ್ರ ತಂದಿದ್ದ. ಅರ್ಕಾ ಊದುತ್ತಿದ್ದ ಜೊತೆಗಾರ ಊರಿನಲ್ಲೇ ಉಳಿದಿದ್ದ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಹಿಡಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಆಲೂಗಡ್ಡೆಯ ಚೀಲ ಹೊತ್ತು, ಊಟದ ಹೊತ್ತಿಗೆ ಖಾಲಿ ಚೀಲಗಳ ರಾಶಿಯ ಮೇಲೆ ಕೂತು, ತನ್ನ ಅರ್ಧವನ್ನಷ್ಟೇ ಊದುತ್ತಿದ್ದ. ಒಂದು ಸ್ವರ, ಒಂದು ಖಾಲಿ. ಎರಡು ಸ್ವರ, ಒಂದು ಖಾಲಿ. ಉಳಿದ ಹಮಾಲಿಗಳಿಗೆ ಅದು ಕೆಟ್ಟುಹೋದ ಪಂಪಿನ ಸದ್ದಿನಂತೆ ಕೇಳುತ್ತಿತ್ತು.

ಮೂರನೆಯ ವಾರವೋ ನಾಲ್ಕನೆಯ ವಾರವೋ, ಪಕ್ಕದ ಶೆಡ್ಡಿನಲ್ಲಿ ಹಣ್ಣಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ ಒಬ್ಬ ಕಪ್ಪು ಮನುಷ್ಯ ಸುತ್ತಿಗೆ ಕೆಳಗಿಟ್ಟು ಕೂಗಿದ.

"ಏಯ್ ಬೆಟ್ಟದವ್ನೇ! ನಿನ್ನ ಕೊಳಲಿಗೆ ಹಲ್ಲು ಉದುರಿದಾವೇನೋ? ಒಂದು ಬಂದ್ರೆ ಇನ್ನೊಂದು ಬರಲ್ಲ!"

"ಉಳಿದದ್ದು ಇನ್ನೊಬ್ಬನ ಹತ್ರ ಇರತ್ತೆ."

"ಯಾರ ಹತ್ರ?"

"ಇನ್ನೂ ಸಿಕ್ಕಿಲ್ಲ."

"ಸಿಗೋವರೆಗೂ ಹಿಂಗೇ ಬೊಚ್ಚುಬಾಯಲ್ಲಿ ಊದ್ತಾ ಕೂತಿರ್ತೀಯಾ? ತಡಿ, ತಡಿ."

ಅವನು ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕಾಲಗಲಿಸಿ ಕೂತು, ಎರಡು ಕೈಯಿಂದಲೂ ಆ ಖಾಲಿಗಳಲ್ಲಿ ಬಡಿಯತೊಡಗಿದ. ಅವನ ಹೆಸರು ಅಬೆಲಾರ್ದೊ ಒರ್ಮೆನ್ಯೊ. ಲಿಮಾದ ದಕ್ಷಿಣದ ಕರಾವಳಿಯ ಕನ್ಯೇತೆ ಕಣಿವೆಯವನು. ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಹಡಗಿನಲ್ಲಿ ಹೊತ್ತು ತಂದಿದ್ದ ಆಫ್ರಿಕನ್ನರ ಮೊಮ್ಮಕ್ಕಳ ಮೊಮ್ಮಗ. ಅವನ ಜನಕ್ಕೆ ಮರದ ಪೆಟ್ಟಿಗೆಯೇ ಮದ್ದಲೆ. ಪೆಟ್ಟಿಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಅಬೆಲಾರ್ದೊ ಕಣ್ಣಿನಿಂದ ನೋಡುತ್ತಿರಲಿಲ್ಲ, ಬೆರಳಿನಿಂದ ತಟ್ಟಿ ಕೇಳುತ್ತಿದ್ದ. ಬಾಯಲ್ಲಿ ಸದಾ ಒಂದು ಲವಂಗ. ಅಕ್ಟೋಬರ್ ತಿಂಗಳ ನೇರಳೆ ಮೆರವಣಿಗೆಯ ಕ್ರಿಸ್ತನಿಗೆ ಹರಕೆ ಹೊತ್ತು ಕುಡಿತ ಬಿಟ್ಟವನು, ಆ ಬಾಯಿಗೆ ಏನಾದರೂ ಕೆಲಸ ಬೇಕಲ್ಲ ಎಂದು ಲವಂಗ ಹಿಡಿದಿದ್ದ.

ಇಲಾರಿಯೊ ಓಟೆ ತರಿಸಿ ತನ್ನ ಕೈಯಾರೆ ಒಂದು ಅರ್ಕಾ ಕಟ್ಟಿಕೊಟ್ಟ. ಕಲಿಯಲು ಅಬೆಲಾರ್ದೊನಿಗೆ ನಾಲ್ಕು ತಿಂಗಳು ಹಿಡಿಯಿತು. ಊದುವುದು ಅವನಿಗೆ ಒಂದೇ ವಾರದಲ್ಲಿ ಬಂತು. ಬಾರದೇ ಹೋದದ್ದು ಊದದೆ ಇರುವುದು.

"ಖಾಲಿ ಕಂಡ್ರೆ ಬಡಿಯೋದೇ ನನ್ನ ಕಸುಬು ಕಣೋ. ಅದನ್ನ ಖಾಲಿ ಬಿಡೋದು ಹೆಂಗೆ?"

"ನೀನು ಬಿಟ್ರೆ ಅಲ್ಲಿ ನಾನು ಬರ್ತೀನಿ. ನಾನು ಬಿಟ್ರೆ ಅಲ್ಲಿ…"

"ನಾನ್ ಬರ್ತೀನಿ. ಗೊತ್ತಾಯ್ತು ಮಾರಾಯ, ಗೊತ್ತಾಯ್ತು."

ವಾಕ್ಯಗಳನ್ನು ಅರ್ಧ ಮಾಡುವ ಚಾಳಿ ಹುಟ್ಟಿದ್ದು ಹೀಗೆ, ಪಾಠವಾಗಿ. ಆಮೇಲೆ ಅದು ಇಬ್ಬರ ಆಟವಾಯಿತು. ಮಾರುಕಟ್ಟೆಯಲ್ಲಿ ಒಬ್ಬ ಮೊದಲರ್ಧ ಎಸೆದರೆ ಇನ್ನೊಬ್ಬ ಚೀಲಗಳ ಆಚೆಯಿಂದ ಉಳಿದರ್ಧ ಎಸೆಯುತ್ತಿದ್ದ. ಅಬೆಲಾರ್ದೊ ತುಂಬಿಸುತ್ತಿದ್ದ ಅರ್ಧ ಹೆಚ್ಚಾಗಿ ಪೋಲಿಯಾಗಿರುತ್ತಿತ್ತು. ಸರೋವರದ ದಂಡೆಯ ಆ ಮಿತಭಾಷಿ ತನ್ನ ಜೀವಮಾನದಲ್ಲಿ ಅಷ್ಟು ನಕ್ಕದ್ದು ಮತ್ತೆ ಇಲ್ಲ.

ಉಮಾಪಾಟಾದಿಂದ ಬಂದು ಲಿಮಾದಲ್ಲಿ ನೆಲೆಸಿದವರಿಗೆ ಒಂದು ಸಂಘವಿತ್ತು, ಸಂಘಕ್ಕೊಂದು ಸೀಕು ತಂಡ. ಭಾನುವಾರ ಮಧ್ಯಾಹ್ನ ಗುಡ್ಡದ ಮೇಲಿನ ಮಣ್ಣಂಗಳದಲ್ಲಿ ಅಭ್ಯಾಸ. ಇಪ್ಪತ್ತು ಮೂವತ್ತು ಜನ ಜೋಡಿಜೋಡಿಯಾಗಿ ವೃತ್ತ ಕಟ್ಟಿ, ಊದುತ್ತ ಸುತ್ತು ಬರುತ್ತಿದ್ದರು. ಈರಾದವನ ಬಲಕ್ಕೆ ಅವನ ಅರ್ಕಾ. ಇಲಾರಿಯೊ ತನ್ನ ಜೊತೆ ಅಬೆಲಾರ್ದೊನನ್ನು ಕರೆದುಕೊಂಡು ಬಂದ ದಿನ ಊದುತ್ತಿದ್ದವರೆಲ್ಲ ಸೀಕು ಕೆಳಗಿಳಿಸಿದರು. ಸಂಘದ ಅಧ್ಯಕ್ಷ ದರ್ಜಿ ಸತುರ್ನೀನೊ ಕನ್ನಡಕ ಹಣೆಗೇರಿಸಿ ನೋಡಿದ.

"ಇವನಿಗೆ ನಮ್ಮೂರ ಗಾಳಿ ಹಿಡಿಯತ್ತೇನೋ ಇಲಾರಿಯೊ?"

"ಅವನು ಹೋದ್ರೆ…" ಎಂದ ಇಲಾರಿಯೊ. ಗದ್ದ ಎತ್ತಿದ. ಆ ಅರ್ಧವನ್ನು ಯಾರೂ ತುಂಬಿಸಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅತ್ತ ಅಬೆಲಾರ್ದೊನ ಕೇರಿಯಲ್ಲಿಯೂ ಗೇಲಿ ತಪ್ಪಲಿಲ್ಲ. "ಏನಪ್ಪಾ, ಬೆಟ್ಟದವರ ಕಂಬಳಿ ಹೊದ್ದಾಯ್ತು. ಉಣ್ಣೆಗೆ ಲಾಮಾ ಯಾವಾಗ ಸಾಕ್ತೀಯ?" ಎಂದು ಅವನ ಭಾವಮೈದುನರು ಕೇಳುತ್ತಿದ್ದರಂತೆ. ಅವನು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ಹೆಣ್ಣು ಲಾಮಾ ನೋಡ್ತಾ ಇದೀನಿ, ನಿಮಗೇ ಕೊಟ್ಟು ಮದುವೆ ಮಾಡೋಣ ಅಂತ" ಎನ್ನುತ್ತಿದ್ದ. ಅವನ ಮಗಳು ರೊಸೆಂದಾ ಹುಟ್ಟಿದಾಗ ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿಕೊಂಡದ್ದು ಇಲಾರಿಯೊ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ: ರಕ್ತದ ನಂಟಲ್ಲ, ಇಗರ್ಜಿಯ ನೀರಿನ ನಂಟು, ನಮ್ಮಲ್ಲಿ ಅದನ್ನು ಅಣ್ಣತಮ್ಮಂದಿರ ನಂಟಿಗಿಂತ ಒಂದು ಗುಲಗಂಜಿ ಹೆಚ್ಚೆಂದೇ ಎಣಿಸುತ್ತಾರೆ.

ಒಂದು ವಿಷಯ ಮಾತ್ರ ಸರಿಹೋಗಲಿಲ್ಲ. ಅಬೆಲಾರ್ದೊನ ಅರ್ಕಾ ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಅವನ ಕರಾವಳಿಯ ಕುಣಿತಗಳಲ್ಲಿ ಹೆಜ್ಜೆ ತಾಳದ ಮೇಲೆ ಬೀಳುವುದಿಲ್ಲ, ತಾಳದ ಬೆನ್ನಿಗೆ ಒರಗಿಕೊಂಡು ಬೀಳುತ್ತದೆ. ಆ ಸೋಮಾರಿ ಸೊಗಸು ಅವನ ಉಸಿರಿಗೂ ಅಂಟಿತ್ತು. "ಇದು ಸೀಕು ಊದೋದಾ, ಸೊಂಟ ಕುಣಿಸೋದಾ?" ಎಂದು ಸತುರ್ನೀನೊ ರೇಗುತ್ತಿದ್ದ. ಇಲಾರಿಯೊ ಜೊತೆಗಾರನನ್ನು ತಿದ್ದಲಿಲ್ಲ. ತನ್ನ ಸ್ವರವನ್ನೇ ಒಂದು ಕೂದಲೆಳೆಯಷ್ಟು ಎಳೆದು, ಅವನು ಬರುವವರೆಗೆ ಹಿಡಿದು ನಿಲ್ಲಿಸಲು ಕಲಿತ. ನಿಶ್ಚಯಿಸಿ ಮಾಡಿದ್ದಲ್ಲ, ಕುಂಟುವ ಗೆಳೆಯನ ಪಕ್ಕ ನಡೆಯುವವನ ಹೆಜ್ಜೆ ತಾನಾಗಿಯೇ ನಿಧಾನವಾಗುವ ಹಾಗೆ. ಆ ಜೋಡಿಯ ಊದುವಿಕೆಯಲ್ಲಿ ಒಂದು ತೂಗಾಟ ಬಂತು. ಸರೋವರದ ಮೇಲಿನ ದೋಣಿ ದಂಡೆಗೆ ತಗುಲುವ ಮೊದಲು ಒಂದು ಕ್ಷಣ ಹಿಂಜರಿಯುವುದಲ್ಲ, ಅಂಥದ್ದು. ಹದಿನಾಲ್ಕು ವರ್ಷ ಅವರು ಹಾಗೆ ಊದಿದರು.

ಎರಡು ಅರ್ಧಗಳೂ ಇರುತ್ತಿದ್ದದ್ದು ಇಲಾರಿಯೊನ ಮನೆಯಲ್ಲಿ, ಒಂದೇ ಬಟ್ಟೆಯಲ್ಲಿ. ಉಮಾಪಾಟಾದವರ ನಂಬಿಕೆ ಅದು: ಅರ್ಧ ಸೀಕು ಬೇರೆ ಮನೆಯಲ್ಲಿ ಒಂಟಿಯಾಗಿ ಮಲಗಿದರೆ ಮುನಿಸಿಕೊಂಡು ಸ್ವರ ಬಿಡುತ್ತದೆ. ಈರಾ ಹಿಡಿದವನು ಎರಡನ್ನೂ ಕಾಯಬೇಕು. ಜೊತೆಗಾರನ ಅರ್ಧಕ್ಕೆ ಬೇರೆ ಬಾಯಿ ತಾಗದಂತೆ ನೋಡಿಕೊಳ್ಳಬೇಕು.

ಬಂಡುಕೋರರ ಬಾಂಬುಗಳ ಕಾಲ ಬಂತು. ವಿದ್ಯುತ್ ಗೋಪುರಗಳು ಉರುಳುತ್ತಿದ್ದವು, ವಾರಕ್ಕೆ ಎರಡು ಸಲ ಊರಿಗೆ ಊರೇ ಕತ್ತಲಾಗುತ್ತಿತ್ತು, ಬೆಟ್ಟದ ರಸ್ತೆಗಳಲ್ಲಿ ಹೋದ ಬಸ್ಸುಗಳು ಹಿಂತಿರುಗುವ ಭರವಸೆ ಇರಲಿಲ್ಲ. ಇಲಾರಿಯೊ ತನ್ನ ಸರೋವರವನ್ನು ನೋಡಿ ಹದಿನಾಲ್ಕು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಸತುರ್ನೀನೊ ಒಂದು ಸುದ್ದಿ ತಂದ. ಲಿಮಾದಲ್ಲಿರುವ ಎಲ್ಲ ಊರಸಂಘಗಳ ತಂಡಗಳಿಗೂ ಒಂದು ಸ್ಪರ್ಧೆ. ಗೆದ್ದ ತಂಡವನ್ನು ಬಸ್ಸು ಮಾಡಿ ಊರಹಬ್ಬಕ್ಕೆ ಕಳುಹಿಸುತ್ತಾರೆ. ಊದುವವರೆಲ್ಲ ತಮ್ಮ ಸಂಘದ ಊರಿನ ಪ್ರಾಂತ್ಯದಲ್ಲಿ ಹುಟ್ಟಿದವರು, ಇಲ್ಲವೆ ಹುಟ್ಟಿದವರ ಮಕ್ಕಳು ಆಗಿರಬೇಕು.

"ನಿಯಮ ನಾನು ಬರೆದದ್ದಲ್ಲಪ್ಪ," ಎಂದ ಸತುರ್ನೀನೊ. "ಒಂದು ದಿನ. ಒಂದೇ ಒಂದು ದಿನ ನಿನ್ನ ಅಣ್ಣನ ಮಗ ವಿಲ್ಬರ್ ನಿನ್ನ ಪಕ್ಕ ನಿಲ್ಲಲಿ. ಅಬೆಲಾರ್ದೊಗೆ ಹೇಳು. ಒಳ್ಳೆ ಮನುಷ್ಯ, ಅರ್ಥ ಮಾಡ್ಕೋತಾನೆ."

ಹೇಳಿದ್ದರೆ ಅಬೆಲಾರ್ದೊ ಅರ್ಥ ಮಾಡಿಕೊಳ್ಳುತ್ತಿದ್ದ. ಅವನನ್ನು ಬಲ್ಲ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: "ಹೋಗಿ ಬಾ, ನಿಮ್ಮಮ್ಮನ ಮುಂದೆ ಮರ್ಯಾದೆಯಾಗಿ ಊದು" ಎಂದು ಬೆನ್ನು ತಟ್ಟಿ, ಒಂದು ಪೋಲಿ ಮಾತು ಸೇರಿಸಿ ಕಳುಹಿಸುತ್ತಿದ್ದ. ಇಲಾರಿಯೊ ಹೇಳಲೆಂದೇ ಮಾರುಕಟ್ಟೆಯ ಶೆಡ್ಡಿಗೆ ಹೋದ. ಪೆಟ್ಟಿಗೆಗಳ ನಡುವೆ ನಿಂತು ಬಾಯಿ ತೆರೆದ.

"ಕೊಂಪಾದ್ರೆ, ಬರೋ ಭಾನುವಾರ…"

ಮಾತು ನಿಲ್ಲಿಸಿದ. ಗದ್ದ ಮೇಲೆತ್ತಿದ. ಹದಿನಾಲ್ಕು ವರ್ಷದ ರೂಢಿ.

"ಅಭ್ಯಾಸ ಇಲ್ವಾ?" ಎಂದ ಅಬೆಲಾರ್ದೊ, ಮೊಳೆಯಿಂದ ಕಣ್ಣೆತ್ತದೆ. "ಕರೆಂಟ್ ತಂತಿ ಮತ್ತೆ ಬಿತ್ತಾ?"

ಗೆಳೆಯನೇ ಕೈಯಲ್ಲಿಟ್ಟ ಅರ್ಧ ಅದು, ಹಿಡಿದುಕೊಳ್ಳುವುದು ಸುಲಭವಾಗಿತ್ತು.

"ಹೂಂ," ಎಂದ ಇಲಾರಿಯೊ.

ಆ ಭಾನುವಾರ ಅವನು ಬಟ್ಟೆ ಬಿಚ್ಚಿ, ಅಬೆಲಾರ್ದೊನ ಅರ್ಕಾವನ್ನು ವಿಲ್ಬರನ ಕೈಗಿಟ್ಟ. ಬೇರೆ ಅರ್ಕಾ ಹುಡುಕಬಹುದಿತ್ತಲ್ಲ ಎಂದು ಕೇಳಿದರೆ, ಈರಾ ಮತ್ತು ಅರ್ಕಾ ಒಂದೇ ಕೈ ಕಡಿದ ಓಟೆಯದಾಗಿರದಿದ್ದರೆ ಸ್ವರ ಕೂಡುವುದಿಲ್ಲ. ಊದುವ ಮುಂಚೆ ಕೊಳವೆಗಳಿಗೆ ಸಾರಾಯಿ ಉಣಿಸಿ ನೆನೆಸುವುದು ವಾಡಿಕೆ. ವಿಲ್ಬರ್ ಸೋಂಪಿನ ಸಾರಾಯಿ ಉಣಿಸಿದ, ತಾನೂ ಎರಡು ಗುಟುಕು ಏರಿಸಿದ, ಕೋಕಾ ಎಲೆ ದವಡೆಗಿಟ್ಟುಕೊಂಡು ಊದಿದ. ಉಮಾಪಾಟಾ ತಂಡ ಗೆದ್ದಿತು.

ಮುಂದಿನ ಭಾನುವಾರ ಅಬೆಲಾರ್ದೊ ಎಂದಿನಂತೆ ಗುಡ್ಡ ಹತ್ತಿ ಬಂದ. ಎಂದಿನಂತೆ ಸತುರ್ನೀನೊನ ಟೋಪಿ ಎಗರಿಸಿದ. ಅರ್ಕಾ ತೆಗೆದು ತುಟಿಗಿಟ್ಟ. ಊದಲಿಲ್ಲ. ಕೆಳಗಿಳಿಸಿ, ಕೊಳವೆಗಳ ಬಾಯಿಯನ್ನು ಮೂಗಿನ ಹತ್ತಿರ ಹಿಡಿದು ನಿಂತ. ಹದಿನಾಲ್ಕು ವರ್ಷ ಅದರಿಂದ ಬರುತ್ತಿದ್ದದ್ದು ಲವಂಗದ ವಾಸನೆ. ಅವನು ಅದಕ್ಕೆ ಎಂದೂ ಸಾರಾಯಿ ಉಣಿಸಿದವನಲ್ಲ, ನೀರಿನಲ್ಲೇ ನೆನೆಸುತ್ತಿದ್ದ.

"ಕೊಂಪಾದ್ರೆ, ಇದನ್ನ ಯಾರೋ ಊದಿದಾರೆ."

"ಇಲ್ಲ," ಎಂದ ಇಲಾರಿಯೊ. "ಒಣಗಿತ್ತು. ನಾನೇ ಸಾರಾಯಿ ಹಾಕಿ ನೆನೆಸಿದ್ದೆ."

ಸ್ಪರ್ಧೆಯಲ್ಲಿ ಗೆದ್ದ ಟ್ರೋಫಿ ಸಂಘದ ಕಿಟಕಿಯಲ್ಲಿ ಹೊಳೆಯುತ್ತಿತ್ತು. ಅಬೆಲಾರ್ದೊ ಅದನ್ನು ನೋಡಿದನೋ ಇಲ್ಲವೋ ಅಂಗಳದಲ್ಲಿದ್ದವರಾರೂ ಖಚಿತವಾಗಿ ಹೇಳಲಾರರು. ಅಂಗಿಯ ತುದಿಯಿಂದ ಕೊಳವೆಗಳ ಬಾಯಿ ಒರೆಸಿದ. ವೃತ್ತದಲ್ಲಿ ಇಲಾರಿಯೊನ ಬಲಕ್ಕೆ ನಿಂತ. ಆ ಮಧ್ಯಾಹ್ನ ಎರಡು ಗಂಟೆ ಅವನು ಊದಿದ, ಒಂದೇ ಒಂದು ಸ್ವರವನ್ನೂ ತಡ ಮಾಡದೆ. ಕೂದಲೆಳೆಯಷ್ಟೂ ಇಲ್ಲ. ಗಡಿಯಾರದ ಮುಳ್ಳಿನಂತೆ, ತಾಳದ ನೆತ್ತಿಯ ಮೇಲೆ ಸರಿಯಾಗಿ.

"ಅಂತೂ ಕಲಿತ ನೋಡು!" ಎಂದು ಸತುರ್ನೀನೊ ಚಪ್ಪಾಳೆ ತಟ್ಟಿದ. "ಹದಿನಾಲ್ಕು ವರ್ಷ ಹಿಡೀತಲ್ಲಪ್ಪಾ!"

ಇಲಾರಿಯೊನ ಸ್ವರಗಳು ಎಳೆದುಕೊಂಡು ಕಾಯುತ್ತಿದ್ದವು. ಕಾಯುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಮಾರನೆಯ ವಾರ ಅಬೆಲಾರ್ದೊ ಬರಲಿಲ್ಲ. ಮಾರುಕಟ್ಟೆಯಲ್ಲಿ ಸಿಕ್ಕಾಗ ನಗುತ್ತಲೇ ಹೇಳಿದ: "ಹಲ್ಲು ಅಲ್ಲಾಡ್ತಾ ಇದಾವೆ ಕೊಂಪಾದ್ರೆ. ಇನ್ನು ಊದೋದಕ್ಕಾಗಲ್ಲ."

ಇಲಾರಿಯೊ ಊರಿಗೆ ಹೋದ. ಮೂರು ದಿನದ ಬಸ್ಸಿನ ಹಾದಿ. ಸರೋವರ ಇದ್ದಲ್ಲೇ ಇತ್ತು. ಹಬ್ಬದ ದಿನ ಊರಿನ ತಂಡದವರ ಜೊತೆ ವೃತ್ತದಲ್ಲಿ ನಿಂತು ವಿಲ್ಬರನನ್ನು ಬಲಕ್ಕಿಟ್ಟುಕೊಂಡು ಊದತೊಡಗಿದ. ಎರಡನೆಯ ಸುತ್ತಿನಲ್ಲೇ ಹಿರಿಯನೊಬ್ಬ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ.

"ಏನೋ ಇಲಾರಿಯೊ, ನಿನ್ನ ಈರಾ ಯಾರಿಗೆ ಕಾಯ್ತಾ ಇದೆ?"

ಜನ ನಕ್ಕರು. ಅವನು ಮತ್ತೆ ಪ್ರಯತ್ನಿಸಿದ. ಉಸಿರು ಮಾತು ಕೇಳಲಿಲ್ಲ. ಪ್ರತಿ ಸ್ವರದ ಬಾಲವೂ ಒಂದು ಕೂದಲೆಳೆ ಉದ್ದವಾಗಿ, ವಿಲ್ಬರನ ಸ್ವರದ ಕಾಲಿಗೆ ತೊಡರುತ್ತಿತ್ತು. ಲಿಮಾದ ಸ್ಪರ್ಧೆಯಲ್ಲಿ ಮೂವತ್ತು ಜನರ ಗದ್ದಲದಲ್ಲಿ ಮುಚ್ಚಿಹೋಗಿದ್ದದ್ದು ಇಲ್ಲಿ, ಪ್ರತಿ ಕೊಳವೆಯ ಹೆಸರು ಬಲ್ಲ ಕಿವಿಗಳ ನಡುವೆ, ಮುಚ್ಚಲಿಲ್ಲ. ಮೂರನೆಯ ಸುತ್ತಿಗೆ ಹಿರಿಯರು ಅವನನ್ನು ಮೆಲ್ಲಗೆ ವೃತ್ತದಿಂದ ಹೊರಗೆ ಕರೆದು ಕೈಗೆ ಸಂಘದ ಬಾವುಟ ಕೊಟ್ಟರು. ಹಬ್ಬದ ಮೂರೂ ದಿನ ಅವನು ಬಾವುಟ ಹಿಡಿದು ಮುಂದೆ ನಡೆದ. ಅವನ ತಾಯಿ ಗೋಡೆಯ ಪಕ್ಕ ಕೂತು, ಮಗ ಯಾವಾಗ ಊದುತ್ತಾನೆಂದು ಪಕ್ಕದವರನ್ನು ಕೇಳುತ್ತಿದ್ದಳು.

ಆಮೇಲಿನ ಹದಿನೈದು ವರ್ಷಗಳನ್ನು ಹೇಳುವುದು ಕಷ್ಟ, ಏಕೆಂದರೆ ಅವುಗಳಲ್ಲಿ ಏನೂ ನಡೆಯಲಿಲ್ಲ. ಜಗಳವಿಲ್ಲ, ಮಾತು ಬಿಡಲಿಲ್ಲ. ಪ್ರತಿ ಭಾನುವಾರ ಇಲಾರಿಯೊ ಎರಡೂ ಸೀಕುಗಳನ್ನು ಜೇಬಿನಲ್ಲಿಟ್ಟುಕೊಂಡು ಅಂಗಳಕ್ಕೆ ಹೋಗುತ್ತಿದ್ದ, ತಂಡಕ್ಕೆ ದೊಡ್ಡ ಡೋಲು ಬಾರಿಸುತ್ತಿದ್ದ, ಅಭ್ಯಾಸ ಮುಗಿದ ಮೇಲೆ ಅಬೆಲಾರ್ದೊನ ಮನೆಗೆ ಹೋಗುತ್ತಿದ್ದ. ಅಬೆಲಾರ್ದೊನ ಹೆಂಡತಿ ಕಾಳು ಅನ್ನ ಬಡಿಸುತ್ತಿದ್ದಳು. ಊಟವಾದ ಮೇಲೆ ಒಂದು ಬಟ್ಟಲು ಹುರಿದ ಮುಸುಕಿನ ಜೋಳ ಇಬ್ಬರ ನಡುವೆ. ಅಲ್ಲಾಡುತ್ತಿರುವ ಹಲ್ಲಿನ ಅಬೆಲಾರ್ದೊ ಆ ಜೋಳವನ್ನು, ಸೀದು ಕಲ್ಲಾದ ಕಾಳುಗಳನ್ನು ಕೂಡ, ಕಟಕಟನೆ ಕಡಿದು ತಿನ್ನುತ್ತಿದ್ದ. ಇಲಾರಿಯೊ ಆಗ ಕಿಟಕಿಯ ಹೊರಗೆ ನೋಡುತ್ತಿದ್ದ. ಅಬೆಲಾರ್ದೊ ಬಾಗಿಲಿನ ಕಡೆ ನೋಡುತ್ತಿದ್ದ. ಆಲೂಗಡ್ಡೆಯ ಬೆಲೆ, ರೊಸೆಂದಾಳ ಶಾಲೆ, ಸೊಂಟನೋವು, ಸರ್ಕಾರ, ಎಲ್ಲವನ್ನೂ ಮಾತಾಡುತ್ತಿದ್ದರು.

ಒಮ್ಮೆ, ಮೂರನೆಯ ವರ್ಷವೋ ಏನೋ, ಇಲಾರಿಯೊ ಚಮಚ ಕೆಳಗಿಟ್ಟು ಶುರು ಮಾಡಿದ.

"ಕೊಂಪಾದ್ರೆ, ಆವತ್ತು ನಾನು…"

ಮಾತು ನಿಲ್ಲಿಸಿ ಗದ್ದ ಎತ್ತಿದ. ಕಾದ. ಅಬೆಲಾರ್ದೊ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆ ಅರ್ಧದ ಉಳಿದರ್ಧ ಅವನಿಗೆ ಗೊತ್ತಿತ್ತು; ಅಡುಗೆಮನೆಯಲ್ಲಿದ್ದ ಹೆಂಡತಿಗೂ ಗೊತ್ತಿತ್ತು. ಆದರೆ ಅದು ತಾನು ತುಂಬಿಸಬೇಕಾದ ಅರ್ಧವಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

"ಜೋಳ ತಗೋ," ಎಂದ. "ತಣ್ಣಗಾಗತ್ತೆ."

ಅಬೆಲಾರ್ದೊ ತೀರಿಕೊಂಡದ್ದು ಒಂದು ಜುಲೈ ತಿಂಗಳಲ್ಲಿ, ಶ್ವಾಸಕೋಶಕ್ಕೆ ನೀರು ತುಂಬಿ. ಕನ್ಯೇತೆಯ ಗುಡ್ಡದ ಬುಡದ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅವನ ಕಡೆಯವರು ಪೆಟ್ಟಿಗೆ ಬಾರಿಸಿ ಹಾಡಿದರು. ಹಾಡು ಮುಗಿದು ಜನ ಚದುರುವ ಮುಂಚೆ ಇಲಾರಿಯೊ ಕೋಟಿನೊಳಗೆ ಕೈ ಹಾಕಿ ಬಟ್ಟೆ ಬಿಚ್ಚಿದ. ಅರ್ಕಾವನ್ನು ಗುಂಡಿಯ ಅಂಚಿನಲ್ಲಿ, ತನ್ನ ಬಲಕ್ಕೆ, ಮಣ್ಣಿನ ಮೇಲಿಟ್ಟ. ಈರಾ ತುಟಿಗಿಟ್ಟು ಅವರಿಬ್ಬರೂ ಮೊದಲು ಕಲಿತ ಹಾಡನ್ನು ಊದಿದ. ಒಂದು ಸ್ವರ, ಒಂದು ಖಾಲಿ. ಎರಡು ಸ್ವರ, ಒಂದು ಖಾಲಿ. ಪ್ರತಿ ಖಾಲಿಯ ಮುಂದೆಯೂ ಸ್ವರವನ್ನು ಒಂದು ಕೂದಲೆಳೆ ಎಳೆದು ಹಿಡಿದ. ಪೆಟ್ಟಿಗೆಯ ಮೇಲೆ ಕೂತಿದ್ದ ಭಾವಮೈದುನ ಬಾರಿಸಲೋ ಬೇಡವೋ ಎಂದು ಒಮ್ಮೆ ಕೈಯೆತ್ತಿ, ಸಾವಿನ ಮನೆಯವರ ಮುಖ ನೋಡಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ಅಯ್ಯೋ ಪಾಪ," ಎಂದು ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಅವನಿಗೆ ಉಸಿರು ಸಾಲ್ತಾ ಇಲ್ಲ. ಯಾರಾದ್ರೂ ನಿಲ್ಸಿ ಕೂರಿಸ್ರೇ."

ಅವನು ಕೊನೆಯವರೆಗೂ ಊದಿದ.

ಹೊರಡುವಾಗ ರೊಸೆಂದಾ ಅವನನ್ನು ಗೇಟಿನ ಬಳಿ ತಡೆದಳು. ಆಗ ಅವಳು ನರ್ಸು, ಆಸ್ಪತ್ರೆಯಲ್ಲಿ ಅಪ್ಪನ ಕೊನೆಯ ದಿನಗಳನ್ನು ಅವಳೇ ನೋಡಿಕೊಂಡಿದ್ದಳು.

"ಗಾಡ್‌ಫಾದರ್, ಒಂದು ಮಾತು ಕೇಳ್ಲಾ? ಅಪ್ಪನ ಹಲ್ಲು ಸಾಯೋ ದಿನದವರೆಗೂ ಗಟ್ಟಿ ಇದ್ವು. ಒಂದೂ ಬಿದ್ದಿರ್ಲಿಲ್ಲ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

ಅವನು ಬಾಯಿ ತೆರೆದ, ಅರ್ಧವೂ ಹೊರಡಲಿಲ್ಲ. ಅವಳು ಮಣ್ಣಿನಿಂದ ಎತ್ತಿ ತಂದಿದ್ದ ಅರ್ಕಾವನ್ನು ತಾನೇ ಬಟ್ಟೆಯಲ್ಲಿ ಸುತ್ತಿ ಅವನ ಒಳಜೇಬಿಗೆ ಇಳಿಸಿ, ಕೋಟಿನ ಗುಂಡಿ ಹಾಕಿದಳು.

ಉಮಾಪಾಟಾ ತಂಡ ಈಗಲೂ ಇದೆ. ಯಾರು ಎಲ್ಲಿ ಹುಟ್ಟಿದರೆಂದು ಯಾವ ಸ್ಪರ್ಧೆಯಲ್ಲಿಯೂ ಈಗ ಕೇಳುವುದಿಲ್ಲ. ಆ ನಿಯಮ ತೆಗೆದು ಬಹಳ ವರ್ಷವಾಯಿತು. ಸೋಜಿಗವೆಂದರೆ, ಇಡೀ ತಂಡದ ಊದುವಿಕೆಯಲ್ಲಿ ಇಂದು ಆ ತೂಗಾಟವಿದೆ. ಇಲಾರಿಯೊನ ಡೋಲನ್ನು ಕೇಳಿ ಕೇಳಿ ಒಬ್ಬರಿಂದೊಬ್ಬರಿಗೆ ಅಂಟಿ, ಎಲ್ಲರ ಅರ್ಕಾಗಳೂ ಒಂದು ಕೂದಲೆಳೆ ತಡವಾಗಿ ಬರುತ್ತವೆ. ತೀರ್ಪುಗಾರರು ಅದನ್ನು ಮೆಚ್ಚುತ್ತಾರೆ. ಹೋದ ವರ್ಷ ರೇಡಿಯೊದವರು ಬಂದಾಗ, ತೊಂಬತ್ತು ದಾಟಿದ ಸತುರ್ನೀನೊ ಧ್ವನಿವರ್ಧಕ ಹಿಡಿದು, "ಇದು ನಮ್ಮ ಹಿರಿಯರದ್ದು. ಸರೋವರದ ದಂಡೆಯ ಹಳೇ ಪದ್ಧತಿ" ಎಂದ.

ಡೋಲಿನ ಹಿಂದೆ ಕೂತಿದ್ದ ಇಲಾರಿಯೊ ಎದ್ದು ನಿಂತ.

"ಅದು ಊರಿಂದ ಬಂದಿದ್ದಲ್ಲ. ಅದು ಅಬೆಲಾರ್ದೊ ಒರ್ಮೆನ್ಯೊನದು."

ತುಂಬು ವಾಕ್ಯಗಳು, ಎರಡು. ತಂಡದಲ್ಲಿ ಹೊಸದಾಗಿ ಸೇರಿದವನೊಬ್ಬ ಪಕ್ಕದವನನ್ನು ಕೇಳಿದ: "ಯಾರದು, ಅಬೆಲಾರ್ದೊ?" ಪಕ್ಕದವನಿಗೆ ಗೊತ್ತಿರಲಿಲ್ಲ. ರೇಡಿಯೊದವನು ಯಂತ್ರ ನಿಲ್ಲಿಸಿ ತಂತಿ ಸುತ್ತುತ್ತಿದ್ದ. ಇಲಾರಿಯೊ ಮತ್ತೆ ಕೂತ.

ಇನ್ನೊಬ್ಬರಿಗೆ ಜಾಗ ಬಿಟ್ಟೇ ಬದುಕಲು ಕಲಿತ ಇಂಥ ಮನುಷ್ಯರು ನಮ್ಮ ಗುಡ್ಡದಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಸಂಗ ಹಿತವಾದದ್ದು; ಅವರ ಪಕ್ಕ ನಿಂತಾಗ ನಾವೂ ಬೇಕಾದವರು ಅನ್ನಿಸುತ್ತದೆ. ಎಲ್ಲವನ್ನೂ ಅರ್ಧ ಹೇಳಿ, ಉಳಿದದ್ದನ್ನು ಪ್ರೀತಿ ತುಂಬಿಸಿಕೊಳ್ಳುತ್ತದೆಂದು ಅವರು ನಂಬಿರುತ್ತಾರೆ, ಬಹಳ ಸಲ ಅದು ತುಂಬಿಸಿಕೊಳ್ಳುತ್ತದೆ ಕೂಡ. ತಪ್ಪನ್ನು ಒಪ್ಪಿಕೊಳ್ಳುವ ಮಾತೊಂದೇ ಜೋಡಿಯಲ್ಲಿ ಊದಲಾಗದ್ದು; ಅದನ್ನು ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಒಬ್ಬನೇ ಊದಬೇಕು, ಅವರಿಗೋ ಒಬ್ಬರೇ ಊದಿ ಅಭ್ಯಾಸವಿರುವುದಿಲ್ಲ. ಸಂಜೆ ಮಂಜು ಇಳಿಯುವ ಹೊತ್ತಿಗೆ ಇಲಾರಿಯೊ ಸಂದಿಯಲ್ಲಿ ಹತ್ತಿ ಬರುತ್ತಾನೆ, ಎಡತೋಳಿಗೆ ಸುಣ್ಣ ಮೆತ್ತಿಕೊಂಡು. ನಾವು ಎದುರಾದರೆ ಆ ಬಲಗಡೆಯಲ್ಲಿ ಹೆಜ್ಜೆ ಇಡದೆ, ಗೋಡೆಗೊರಗಿ, ಅವನು ದಾಟುವವರೆಗೆ ನಿಲ್ಲುತ್ತೇವೆ.